ಬಂಗಾರದ ಸೀಮೆಯ ಹಿತ್ತಲುಗಳು

(೧)

ಕೋಲಾರದ ಸೀಮೆಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ನೆಲದ ಕೆಳಗಿನ ಸಂಗತಿಯನ್ನೇ ವಿಸ್ತಾರವಾಗಿ ಹೇಳಿರುವರು. ೧೮೭೩ರಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಗಣಿ ತೋಡುವ ಅಪ್ಪಣೆಯನ್ನು ಪಡೆದುದು, ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರು ಬಂದುದು, ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದುದು, ಒಟ್ಟು ಸುಮಾರು ೮೦೦ ಟನ್ನು ಚಿನ್ನವನ್ನು ಕೊಟ್ಟು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುದು, ಇವೆಲ್ಲವೂ ಅನೇಕರ ಬಾಯಲ್ಲಿರುವ ಕಥೆ. ಆದರೆ ಆ ಆಳದ ಮೇಲೆ ಹಾಸಿಕೊಂಡಿರುವ ಒಂದು ಮೊಳ ಮಣ್ಣಿಗೂ ಒಂದು ಚರಿತ್ರೆಯುಂಟು. ಅದನ್ನು ಕುರಿತು ಬರೆದವರು ವಿರಳ. ಚಿನ್ನದ ಗಣಿಯ ಆಯುಸ್ಸು ನೂರಿಪ್ಪತ್ತು ವರ್ಷಗಳಾದರೆ, ಮನೆಯ ಹಿತ್ತಲಿನ ಆಯುಸ್ಸಿಗೆ ಆದಿಯನ್ನು ಹೇಳುವುದೇ ಕಷ್ಟ.

ಅಮರಸಿಂಹನು ತನ್ನ ನಿಘಂಟಿನಲ್ಲಿ ತೋಟಗಳನ್ನು ಅವುಗಳ ಒಡೆಯರಿಗನುಸಾರವಾಗಿ ವಿಂಗಡಿಸಿರುವನು. ಅರಸನದು ಉದ್ಯಾನ, ಅಂತಃಪುರದವರದು ಪ್ರಮದವನ, ಮಂತ್ರಿಗಳದು ವೃಕ್ಷವಾಟಿಕೆ. ಮನೆಗೆ ಸೇರಿದ ತೋಟಕ್ಕೆ ಆತನು ಕೊಟ್ಟಿರುವ ಹೆಸರು ನಿಷ್ಕುಟ. ನಾವು ಹಿತ್ತಲೆಂದು ಕರೆಯುವುದು ಇದನ್ನೇ. ಉದ್ಯಾನಗಳ ಚರಿತ್ರೆಯನ್ನು ಅರಸರ ಚರಿತ್ರೆಯೊಡನೆ ಓದಬಹುದು. ನಿಷ್ಕುಟದ ಚರಿತ್ರೆಯನ್ನು ಮಾತ್ರ ನೀರಿನ ಚರಿತ್ರೆಯೊಡನೆಯೇ ಓದಬೇಕು. ಈ ಸೀಮೆಯಲ್ಲಿ ನೀರು ಬಂದ ದಾರಿ ಬದಲಾದಾಗಲೆಲ್ಲಾ ಹಿತ್ತಲೂ ಬದಲಾಗಿದೆ. ಪ್ರಕೃತ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಇದಕ್ಕೆ ವಸಂತಋತುವೇ ಪರೀಕ್ಷಾಕಾಲ. ಇಂಗ್ಲೆಂಡಿನಂಥ ಶೀತದೇಶಗಳಲ್ಲಿ ವಸಂತವೆಂದರೆ ಹಿಮವು ಕರಗಿ ನೆನೆದ ನೆಲದಲ್ಲಿ ಬಿತ್ತನೆಯನ್ನು ತೊಡಗುವ ಕಾಲ. ನಮ್ಮ ಬಂಗಾರಪೇಟೆಯಲ್ಲಿ ಹಾಗಲ್ಲ. ಹಿಂಗಾರು ಮಳೆ ಕಾರ್ತಿಕ ಮಾರ್ಗಶಿರಗಳಲ್ಲಿ ನಿಂತುಹೋದ ಮೇಲೆ ಮೂರು ನಾಲ್ಕು ತಿಂಗಳು ಹನಿ ಬೀಳದೆ, ನೆಲವು ಒಣಗಿ ಬಿರಿದಿರುವಾಗ ನಮ್ಮ ಚೈತ್ರವು ಬರುತ್ತದೆ. ಹೀಗಿದ್ದರೂ ಹೊಂಗೆ ಚಿಗುರುವುದೂ, ಬೇವು ಹೂಬಿಡುವುದೂ, ಮಾವು ಕಾಯಿಕಟ್ಟುವುದೂ, ಮುತ್ತುಗ ಎಲೆಯುದುರಿಸಿ ಕೆಂಪಗೆ ನಿಲ್ಲುವುದೂ ಆಗಲೇ. ಈ ಮರಗಳು ಯಾರನ್ನೂ ನೀರು ಕೇಳುವುದಿಲ್ಲ. ಅವುಗಳ ಬೇರಿಗೆ ನೆಲದ ಆಳದ ತೇವ ಗೊತ್ತು. ಮೇಲ್ಬೇರಿನ ಬದನೆ, ಬೆಂಡೆ, ಬಸಳೆ, ದಂಟುಗಳಾದರೋ ಎರಡು ದಿನ ನೀರು ತಪ್ಪಿದರೆ ತಲೆಬಾಗುವುವು. ಪ್ರಕೃತಿಯು ಅತಿ ಶೋಭಾಯಮಾನವಾಗಿರುವ ಋತುವೂ, ಬಾವಿಯು ಅತಿ ಬರಿದಾಗಿರುವ ಋತುವೂ ಒಂದೇ ಆಗಿರುವುದು ಈ ನಾಡಿನ ವೈಚಿತ್ರ್ಯ. ಹಿತ್ತಲನ್ನು ಇಟ್ಟುಕೊಳ್ಳುವ ವಿದ್ಯೆ ಇಲ್ಲಿ ಈ ಎರಡು ತಿಂಗಳುಗಳನ್ನು ದಾಟಿಸುವ ವಿದ್ಯೆಯೇ ಸರಿ.

(೨)

ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಪಾಲಾರು ಮಳೆಗಾಲದ ನದಿ. ಅದು ಹರಿಯುವ ನಾಲ್ಕು ದಿನಗಳಲ್ಲಿ ಅದನ್ನು ತಡೆದು ನಿಲ್ಲಿಸುವುದನ್ನು ನಮ್ಮ ಪೂರ್ವಿಕರು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದರು. ಗಂಗರು ಕುವಲಾಲಪುರವರೇಶ್ವರರೆಂದು ಬಿರುದು ಧರಿಸಿದ್ದ ಕಾಲದಿಂದ ಹಿಡಿದು ಪಾಳೆಯಗಾರರ ಕಾಲದವರೆಗೆ ಕೆರೆ ಕಟ್ಟಿಸುವುದು ಇಲ್ಲಿ ಪುಣ್ಯಕಾರ್ಯಗಳಲ್ಲಿ ಮೊದಲನೆಯದು. ಕೆರೆ ಕಟ್ಟಿದವರಿಗೂ ಕಾದವರಿಗೂ ಕಟ್ಟುಕೊಡಗೆಯೆಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಹಳೆಯ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆನಿಸಿಕೊಂಡಿರುವ ಬೇತಮಂಗಲದ ದೊಡ್ಡ ಕೆರೆ ಇವುಗಳಲ್ಲಿ ಪ್ರಸಿದ್ಧವಾದುದು.

ಊರುಗಳ ಹೆಸರನ್ನೇ ನೋಡಬಹುದು. ಕಾಮಸಮುದ್ರ, ರಾಮಸಾಗರ, ಕಮ್ಮಸಂದ್ರ. ಸಂದ್ರವೆಂಬುದು ಸಮುದ್ರದ ತದ್ಭವ. ಕಡಲನ್ನು ಕಾಣದ ಜನರು ತಮ್ಮ ಕೆರೆಗಳನ್ನೇ ಸಾಗರಗಳೆಂದು ಕರೆದರು; ಅದರಲ್ಲಿ ಜಂಭಕ್ಕಿಂತ ಕೃತಜ್ಞತೆಯೇ ಹೆಚ್ಚೆಂದು ನನಗೆ ತೋರುತ್ತದೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಕೆರೆಗಳ ಸಂಖ್ಯೆ ನಾಲ್ಕು ಸಾವಿರವನ್ನು ಮೀರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಎಂಬವರು, ಈ ಸಂಸ್ಥಾನದಲ್ಲಿ ಇನ್ನೊಂದು ಹೊಸ ಕೆರೆಗೆ ಸ್ಥಳವನ್ನು ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕಾದೀತೆಂದು ಬೆರಗಾಗಿ ಬರೆದರು. ೧೮೯೨ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳಿಗೆ ಆದ ಒಡಂಬಡಿಕೆಯಲ್ಲಿ ಪಾಲಾರಿನ ಹೆಸರೂ ಸೇರಿದುದರಿಂದ, ಮದರಾಸಿನವರ ಸಮ್ಮತಿಯಿಲ್ಲದೆ ಆ ನದಿಗೆ ಹೊಸ ಕಟ್ಟೆಗಳನ್ನು ಕಟ್ಟುವುದಕ್ಕೂ ಅಡ್ಡಿಯಾಯಿತು. ಹೀಗೆ ಹಿರಿಯರು ಬಿಟ್ಟುಹೋದ ಕೆರೆಗಳೇ ಈ ಸೀಮೆಯ ಕಟ್ಟಕಡೆಯ ಆಸ್ತಿಯಾಗಿ ಉಳಿದುವು.

ಕೆರೆಗೂ ಹಿತ್ತಲಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಮೂರು ವಿಧವಾದುದು. ಮೊದಲನೆಯದು ಒರತೆ. ಕೆರೆಯಲ್ಲಿ ನೀರು ನಿಂತಿದ್ದರೆ ಏರಿಯ ಕೆಳಗಣ ಊರಿನ ಬಾವಿಗಳಲ್ಲಿ ಬೇಸಗೆಯಲ್ಲಿಯೂ ನೀರಿರುವುದು. ಆ ಬಾವಿಗಳಿಂದ ಏತದಿಂದಲೋ ಕಪಿಲೆಯಿಂದಲೋ ಎತ್ತಿದ ನೀರು ತೋಟಗಳಿಗೆ ಹರಿಯುತ್ತಿತ್ತು. ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವ ಜೋಡಿ ಎತ್ತುಗಳ ಕಪಿಲೆಯನ್ನು ಕಂಡ ವೃದ್ಧರು ಇನ್ನೂ ನಮ್ಮ ನಡುವೆ ಇದ್ದಾರೆ. ಎರಡನೆಯದು ಗೋಡು. ಮಾಘ ಫಾಲ್ಗುಣಗಳಲ್ಲಿ ಕೆರೆಯ ನೀರು ಇಂಗಿದ ಮೇಲೆ ರೈತರು ಬಂಡಿಗಳನ್ನು ಕಟ್ಟಿಕೊಂಡು ಬಂದು ಅಂಗಳದ ಕಪ್ಪು ಗೋಡನ್ನು ತೋಡಿ ಹೊಲಗಳಿಗೂ ಹಿತ್ತಲುಗಳಿಗೂ ಹೊಡೆಯುತ್ತಿದ್ದರು. ಒಂದೇ ಕೆಲಸದಿಂದ ಕೆರೆಗೆ ಆಳವೂ ಮಣ್ಣಿಗೆ ಸಾರವೂ ದೊರೆಯುತ್ತಿದ್ದುವು. ಮೂರನೆಯದು ನ್ಯಾಯ. ತೂಬನ್ನು ಎಷ್ಟು ಹೊತ್ತು ತೆರೆಯಬೇಕು, ಯಾರ ಪಾಲಿಗೆ ಎಷ್ಟು ನೀರು ಎಂಬುದನ್ನು ನಿರ್ಣಯಿಸುವವನು ನೀರಗಂಟಿ. ಹಣವಂತನೆಂದು ಒಬ್ಬನಿಗೆ ಒಂದು ಘಳಿಗೆ ಹೆಚ್ಚಾಗಿ ಬಿಟ್ಟರೆ ಊರು ಸುಮ್ಮನಿರುತ್ತಿರಲಿಲ್ಲ.

೧೮೦೦ನೆಯ ಇಸವಿಯ ಮೇ ತಿಂಗಳಿನಲ್ಲಿ, ಟೀಪುವಿನ ಪತನವಾದ ಮರುವರ್ಷವೇ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿ ಸರ್ಕಾರದ ಆಜ್ಞೆಯಂತೆ ಬೇತಮಂಗಲ, ಟೇಕಲ್ ಮಾರ್ಗವಾಗಿ ಬೆಂಗಳೂರಿಗೆ ಹೋದನು. ಕಂಡುದನ್ನೆಲ್ಲಾ ಬರೆದಿಡುವುದು ಆತನ ಸ್ವಭಾವ. ಈ ನಾಡಿನ ತೋಟಗಳಲ್ಲಿ ತರಕಾರಿಯ ತೋಟ, ತೆಂಗಿನ ತೋಟ, ಎಲೆಯ ತೋಟ, ಹೂವಿನ ತೋಟ ಎಂಬ ಭೇದಗಳಿರುವುದನ್ನು ಆತನು ಗುರುತಿಸಿರುವನು. ತರಕಾರಿಯ ತೋಟವನ್ನು ಮಾಡುವುದರಲ್ಲಿ ತಿಗಳರು ಆಗಲೇ ಹೆಸರಾದವರು. ಒಂದು ಗೇಣು ನೆಲವನ್ನೂ ಬರಿದಾಗಿ ಬಿಡದೆ, ಮಡಿಯ ಬದುವಿನ ಮೇಲೆಯೂ ಮೂಲಂಗಿಯನ್ನು ಬೆಳೆಯುವ ಅವರ ಕುಶಲತೆಯು ಇಂದಿಗೂ ನಷ್ಟವಾಗಿಲ್ಲ.

(೩)

ನಮ್ಮವರಲ್ಲಿ ತೋಟದ ಶಾಸ್ತ್ರವು ಗ್ರಂಥರೂಪವಾಗಿಯೂ ಇತ್ತೆಂಬುದನ್ನು ಈಗಿನ ವಿದ್ಯಾವಂತರು ಅಷ್ಟಾಗಿ ಗಮನಿಸುವುದಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ಕನ್ನಡದಲ್ಲಿ ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದವು ಬಂದಿದೆ. ಇವು ಪಂಡಿತರ ವಿನೋದಕ್ಕಾಗಿ ಹುಟ್ಟಿದ ಮಾತುಗಳಲ್ಲ. ತೋಟವನ್ನು ಮಾಡುವುದಕ್ಕೆ ಮುಂಚೆ ನೆಲವನ್ನು ಮೆತ್ತಗೆ ಮಾಡಿ ಎಳ್ಳನ್ನು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿನಲ್ಲಿ ಬೆರೆಸತಕ್ಕದ್ದೆಂದು ವರಾಹಮಿಹಿರನು ಹೇಳುವನು. ಈಗಿನ ಕೃಷಿಶಾಸ್ತ್ರಜ್ಞರು ಹಸಿರೆಲೆ ಗೊಬ್ಬರವೆಂದು ಉಪದೇಶಿಸುವುದು ಇದನ್ನೇ ಅಲ್ಲವೆ? ಮರದಿಂದ ಮರಕ್ಕೆ ಇಪ್ಪತ್ತು ಮೊಳ ಅಂತರವು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠವೆಂಬುದು ಆತನ ಲೆಕ್ಕ. ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಸಂಜೆಯೂ ಬೆಳಗೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನವೂ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರವೂ ನೀರೆರೆಯಬೇಕೆಂದು ಆತನು ವಿಧಿಸಿರುವನು. ನಡುಹಗಲಿನಲ್ಲಿ ನೀರೆರೆದು ಅದನ್ನು ಸೂರ್ಯನಿಗೆ ಅರ್ಪಿಸುವ ನಮ್ಮ ಪಟ್ಟಣದ ತೋಟಪ್ರಿಯರು ಈ ವಿಧಿಯನ್ನು ಕೇಳಿದರೆ ಅರ್ಧ ನೀರು ಉಳಿಯುವುದು.

ವಾತ್ಸ್ಯಾಯನನು ಗೃಹಿಣಿಯ ಕರ್ತವ್ಯಗಳನ್ನು ಹೇಳುವಾಗ ಮನೆಯ ಹಿತ್ತಲನ್ನು ಅವಳ ವಶಕ್ಕೆ ಕೊಡುವನು. ಸೊಪ್ಪಿನ ಮಡಿಗಳು, ಕಬ್ಬಿನ ಪೊದೆ, ಜೀರಿಗೆ, ಸಾಸಿವೆ, ಸಬ್ಬಸಿಗೆ ಇವುಗಳನ್ನು ಬೆಳೆಯಿಸಿ ನಡುವೆ ಒಂದು ಬಾವಿಯನ್ನು ತೋಡಿಸಬೇಕೆಂದೂ, ಮೂಲಂಗಿ, ಬದನೆ, ಕುಂಬಳ, ಸೋರೆ, ಸೌತೆ ಮೊದಲಾದುವುಗಳ ಬೀಜಗಳನ್ನು ಕಾಲದಲ್ಲಿ ಸಂಗ್ರಹಿಸಿ ಕಾಲದಲ್ಲಿ ಬಿತ್ತಿಸಬೇಕೆಂದೂ ಆತನ ಮತ. ನಮ್ಮ ಅಜ್ಜಿಯರು ಈ ಗ್ರಂಥವನ್ನು ಕಣ್ಣಿನಿಂದ ಕಂಡವರಲ್ಲ. ಆದರೂ ಸೋರೆಯ ಬುರುಡೆಯಲ್ಲಿ ಬೂದಿ ಬೆರೆಸಿದ ಬೀಜವನ್ನು ತುಂಬಿ ಅಡಿಗೆಮನೆಯ ಅಟ್ಟದ ಮೇಲೆ ಹೊಗೆಯಾಡುವ ಸ್ಥಳದಲ್ಲಿ ಇಡುತ್ತಿದ್ದರು. ಬಚ್ಚಲ ನೀರು ಬಾಳೆಗೂ ಕೆಸುವಿಗೂ, ಅಕ್ಕಿ ತೊಳೆದ ನೀರು ಕರಿಬೇವಿಗೆ, ಪಾತ್ರೆ ಬೆಳಗಿದ ನೀರು ನುಗ್ಗೆಯ ಬುಡಕ್ಕೆ, ಬಾವಿಯ ಹೊಸ ನೀರು ಬೃಂದಾವನದ ತುಳಸಿಗೆ ಮಾತ್ರ. ಒಂದು ಕೊಡ ನೀರು ಮೂರು ಕೆಲಸ ಮಾಡಿದ ಹೊರತು ಮನೆಯಿಂದ ಹೊರಗೆ ಹೋಗಕೂಡದೆಂಬ ಈ ಕಟ್ಟಳೆಯನ್ನು ಯಾವ ಇಲಾಖೆಯೂ ವಿಧಿಸಲಿಲ್ಲ. ಹೀಗೆ ಚೈತ್ರ ವೈಶಾಖಗಳು ದಾಟುತ್ತಿದ್ದುವು. ಅಷ್ಟು ಹೊತ್ತಿಗೆ ಅಶ್ವಿನಿ ಭರಣಿಗಳು ಬಂದರೆ ಬದುಕಿದಂತೆಯೇ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆಯೆಂಬ ಗಾದೆಯು ಹೊಲದವನಿಗೆ ಹೇಗೋ ಹಿತ್ತಲಿನವಳಿಗೂ ಹಾಗೆಯೇ.

(೪)

ಈ ಹಳೆಯ ಹಿತ್ತಲಿಗೆ ಹೊಸ ಗಿಡಗಳು ಹೇಗೆ ಬಂದುವೆಂಬುದು ಸ್ವಾರಸ್ಯವಾದ ವಿಷಯ. ಬಂಗಾರಪೇಟೆಯ ತಾಲ್ಲೂಕಿಗೆ ಸೇರಿದ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳ. ಆತನೇ ೧೭೬೦ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಅಸ್ತಿಭಾರವನ್ನು ಹಾಕಿದವನು. ನೀರಿಗಾಗಿ ಮುಗಿಲನ್ನು ನೋಡುವ ಸೀಮೆಯಲ್ಲಿ ಹುಟ್ಟಿದವನಿಗೆ ತೋಟದ ಮೇಲೆ ಅಷ್ಟು ಪ್ರೀತಿಯುಂಟಾದುದು ಆಶ್ಚರ್ಯವಲ್ಲ. ಆ ತೋಟವು ೧೮೫೬ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ೧೮೭೪ರಿಂದ ೧೯೦೮ರವರೆಗೆ ಅದರ ಅಧಿಕಾರಿಯಾಗಿದ್ದ ಜಾನ್ ಕ್ಯಾಮೆರಾನರೂ, ಅನಂತರ ಬಂದ ಜರ್ಮನಿಯ ಕ್ರುಂಬೀಗಲರೂ ದೇಶಾಂತರಗಳಿಂದ ತರಿಸಿದ ಸಸ್ಯಗಳು ಮೈಸೂರು ಸೀಮೆಯಲ್ಲೆಲ್ಲಾ ಹರಡಿದುವು. ಒಂದು ಬೀದಿಯ ಮರಗಳ ಹೂ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಹೂ ತೊಡಗಬೇಕೆಂದು ಯೋಚಿಸಿ ಸಾಲುಮರಗಳನ್ನು ನೆಡಿಸಿದವರು ಈ ಕ್ರುಂಬೀಗಲರು.

ಬೆಂಗಳೂರಿನ ತೋಟದಿಂದ ನಮ್ಮ ಹಿತ್ತಲಿಗೆ ದಾರಿಯನ್ನು ಮಾಡಿಕೊಟ್ಟುದು ಉಗಿಬಂಡಿ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ೧೮೬೪ರಲ್ಲಿ ರೈಲುಮಾರ್ಗವು ತೆರೆಯಿತು. ಆ ದಾರಿಯಲ್ಲಿ ಎದ್ದ ಪೇಟೆಗೆ ಅಂದಿನ ಕಮಿಷನರಾದ ಬೌರಿಂಗರ ಹೆಸರು ಬಂದು ಬೌರಿಂಗ್‌ಪೇಟೆಯಾಯಿತು. ಅದೇ ಈಗಿನ ಬಂಗಾರಪೇಟೆ. ರೈಲಿನೊಡನೆ ಬಂದ ಸಸ್ಯಗಳಿಗೆ ಜನರು ಸೀಮೆಯೆಂಬ ವಿಶೇಷಣವನ್ನು ಸೇರಿಸಿ ನಾಮಕರಣ ಮಾಡಿದರು. ಸೀಮೆಬದನೆಯು ಅಮೆರಿಕದಿಂದ ಬಂದುದು. ಬೆಂಗಳೂರಿನ ಸುತ್ತಮುತ್ತ ಅದು ಎಷ್ಟು ಒಗ್ಗಿತೆಂದರೆ ನೆರೆಯ ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆಯೆಂದೇ ಕರೆಯುವರು. ಸೀಬೆ, ಪರಂಗಿ, ಮೆಣಸಿನಕಾಯಿ, ಟೊಮಾಟೊ ಎಲ್ಲವೂ ಆ ಖಂಡದವೇ. ಪರಂಗಿಯೆಂಬ ಹೆಸರಿನಲ್ಲಿಯೇ ಅದನ್ನು ತಂದ ಪರಂಗಿಯವರ ಗುರುತು ಉಳಿದಿದೆ.

ಬೇಲಿಯ ಚರಿತ್ರೆಯು ಮಾತ್ರ ಅಷ್ಟು ಸುಖವಾದುದಲ್ಲ. ಅಮೆರಿಕದಿಂದಲೇ ಬಂದ ಪಾಪಾಸುಕಳ್ಳಿಯನ್ನು ನಮ್ಮವರು ಕೋಟೆಗೂ ತೋಟಕ್ಕೂ ಬೇಲಿಯಾಗಿ ಹಾಕಿದರು. ಅದು ಬೇಲಿಯನ್ನು ದಾಟಿ ಹೊಲವನ್ನೂ ಗೋಮಾಳವನ್ನೂ ಆಕ್ರಮಿಸಿತು. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆ ಅಕ್ಷರಶಃ ಸತ್ಯವಾಯಿತು. ೧೯೨೬ರಲ್ಲಿ ಸಿಂಹಳದಿಂದ ತರಿಸಿ ಬಿಟ್ಟ ಒಂದು ಬಿಳಿಯ ಹಿಟ್ಟಿನಂಥ ಹುಳುವು ಕೆಲವೇ ವರ್ಷಗಳಲ್ಲಿ ದಕ್ಷಿಣದೇಶದ ಕಳ್ಳಿಯ ಮೆಳೆಗಳನ್ನೆಲ್ಲಾ ತಿಂದು ಮುಗಿಸಿತು. ತೆರವಾದ ಸ್ಥಳಕ್ಕೆ ಹೂವಿನ ಚೆಲುವಿಗೆಂದು ತಂದ ಲಂಟಾನವು ನುಗ್ಗಿತು. ೧೯೫೫ರಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಪಾರ್ಥೇನಿಯಂ ಎಂಬ ಕಳೆಯು ಆಮೇಲೆ ನಮ್ಮ ಖಾಲಿ ನಿವೇಶನಗಳನ್ನೆಲ್ಲಾ ತುಂಬಿತು. ಅದನ್ನು ತಿನ್ನಲೆಂದು ೧೯೮೪ರಲ್ಲಿ ಮೆಕ್ಸಿಕೋ ದೇಶದ ಒಂದು ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಪಾರ್ಥೇನಿಯಂ ಎಲೆಗಳ ಮೇಲೆ ಕಂದುಗೀರುಗಳುಳ್ಳ ಸಣ್ಣ ದುಂಬಿಗಳನ್ನು ಕಂಡ ಮಕ್ಕಳು ಅವುಗಳನ್ನು ಕೊಲ್ಲದಿರಲಿ. ಅವು ನಮ್ಮ ಸಂಬಳವಿಲ್ಲದ ಆಳುಗಳು.

(೫)

ಇನ್ನು ಗಣಿಗಳ ಮಾತು. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ೧೮೯೪ರಲ್ಲಿ ಕವಲುಮಾರ್ಗವಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ೯೨ ಮೈಲಿಗಳ ದೂರ ವಿದ್ಯುಚ್ಛಕ್ತಿಯು ಬಂದು ಯಂತ್ರಗಳನ್ನು ತಿರುಗಿಸಿತು. ಮುಂದೆ ಬೇತಮಂಗಲದ ಕೆರೆಯ ನೀರು ಶೋಧನೆಯಾಗಿ ಕೊಳವೆಗಳಲ್ಲಿ ಗಣಿಯ ಪಟ್ಟಣಕ್ಕೆ ಹರಿಯಿತು. ಹಿತ್ತಲಿನ ಚರಿತ್ರೆಯಲ್ಲಿ ಇದು ದೊಡ್ಡ ತಿರುವು. ಅದುವರೆಗೆ ನೀರು ಇದ್ದಲ್ಲಿಗೆ ತೋಟವು ಹೋಗುತ್ತಿತ್ತು. ಈಗ ಹಣವಿದ್ದಲ್ಲಿಗೆ ನೀರು ಬರತೊಡಗಿತು. ಸಮುದ್ರಮಟ್ಟಕ್ಕೆ ಸುಮಾರು ೨,೮೦೦ ಅಡಿಗಳ ಮೇಲಿರುವ ಊರಿನ ಹಿತವಾದ ಹವೆಯಲ್ಲಿ ಕಂಪೆನಿಯ ಅಧಿಕಾರಿಗಳು ತಮ್ಮ ಬಂಗಲೆಗಳ ಸುತ್ತ ಹುಲ್ಲಿನ ಹಾಸುಗಳನ್ನೂ ಗುಲಾಬಿಯ ಮಡಿಗಳನ್ನೂ ಮಾಡಿಕೊಂಡರು. ಈ ಸ್ಥಳಕ್ಕೆ ಚಿಕ್ಕ ಇಂಗ್ಲೆಂಡೆಂಬ ಹೆಸರು ಬಂದುದು ಆಗಲೇ. ಅಮರಸಿಂಹನು ಕಂಡಿದ್ದರೆ ಇವುಗಳನ್ನು ಉದ್ಯಾನಗಳ ವರ್ಗಕ್ಕೆ ಸೇರಿಸುತ್ತಿದ್ದನು.

ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದು ನೆಲದೊಳಗೆ ಇಳಿಯುತ್ತಿದ್ದ ಕೂಲಿಗಾರರ ಸ್ಥಿತಿ ಬೇರೆ. ಸಾಲುಸಾಲಾಗಿ ಹತ್ತಿಕೊಂಡಿದ್ದ ತಟ್ಟಿಯ ಗುಡಿಸಲುಗಳಲ್ಲಿ ಅವರ ವಾಸ. ನಲ್ಲಿಯು ಹಲವು ಮನೆಗಳಿಗೆ ಒಂದು. ಕೂಲಿಗಾರರ ಪೈಕಿ ಬಹುಮಂದಿ ಬೇಸಾಯದ ಕುಲಗಳಿಂದ ಬರಗಾಲಗಳ ದೆಸೆಯಿಂದಲೂ ಭೂಹೀನತೆಯಿಂದಲೂ ಇತ್ತ ಬಂದವರು. ಕೈಗೆ ಮಣ್ಣಿನ ಬಳಕೆ ತಪ್ಪಿರಲಿಲ್ಲ. ನಾನು ಉಪಾಧ್ಯಾಯನಾಗಿದ್ದಾಗ ಆ ಲೈನುಗಳಲ್ಲಿನ ವಿದ್ಯಾರ್ಥಿಗಳ ಮನೆಗಳಿಗೆ ಹೋಗಬೇಕಾಗುತ್ತಿತ್ತು. ಬಾಗಿಲಿನ ಪಕ್ಕದ ಎರಡು ಗಜ ನೆಲದಲ್ಲಿ ಒಂದು ನುಗ್ಗೆ, ಒಂದು ಪರಂಗಿ, ಹಳೆಯ ಡಬ್ಬದಲ್ಲಿ ತುಳಸಿ ಅಥವಾ ಮಲ್ಲಿಗೆ, ಚಾವಣಿಯ ಮೇಲೆ ಹಬ್ಬಿದ ಅವರೆಯ ಬಳ್ಳಿ ಇವುಗಳನ್ನು ಕಂಡಿದ್ದೇನೆ. ಪಾತ್ರೆ ತೊಳೆದ ನೀರೇ ಅವಕ್ಕೆ ಆಧಾರ. ಹೊತ್ತು ಮೂಡುವುದಕ್ಕೆ ಮುಂಚೆ ಪಾತಾಳಕ್ಕೆ ಇಳಿದು ಸಂಜೆ ಮೇಲಕ್ಕೆ ಬರುವ ಮನುಷ್ಯನಿಗೆ ಬಾಗಿಲಲ್ಲಿ ಒಂದು ಹಸುರೆಲೆಯು ಏನಾಗಿರುತ್ತಿತ್ತೆಂಬುದನ್ನು ಬಿಸಿಲಿನಲ್ಲ್ಲೇ ಓಡಾಡುವ ನಾವು ಊಹಿಸುವುದು ಕಷ್ಟ.

ಇಂಗ್ಲೆಂಡಿನಲ್ಲಿ ಹಿತ್ತಲಿಲ್ಲದ ಕೂಲಿಗಾರರಿಗೆ ಊರ ಹೊರಗೆ ತುಂಡುಭೂಮಿಯನ್ನು ಅಲ್ಪ ಬಾಡಿಗೆಗೆ ಕೊಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ೧೯೦೮ರ ಒಂದು ಕಾನೂನಿನಿಂದ ಅಂಥ ಭೂಮಿಯನ್ನು ಒದಗಿಸುವುದು ಊರಾಡಳಿತದ ಕರ್ತವ್ಯವೇ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ ತುಂಡುತೋಟಗಳ ಸಂಖ್ಯೆ ಆ ದೇಶದಲ್ಲಿ ಸುಮಾರು ೧೪ ಲಕ್ಷಕ್ಕೆ ಏರಿತೆಂದು ಹೇಳುವರು. ನಮ್ಮ ದೇಶದಲ್ಲಿಯೂ ೧೯೪೨-೪೩ರಲ್ಲಿ ಹೆಚ್ಚು ಆಹಾರ ಬೆಳೆಯಿರಿ ಎಂಬ ಚಳವಳಿ ಹೊರಟಿತು. ಆದರೆ ಕರೆಯು ಘೋಷಣೆಯಾಗಿಯೇ ಹೆಚ್ಚಾಗಿ ಉಳಿದು, ತುಂಡುಭೂಮಿಯ ಹಕ್ಕು ಪಟ್ಟಣದ ಬಡವನ ಕೈಗೆ ಬರಲಿಲ್ಲ. ಗಣಿಗಳು ೧೯೫೬ರಲ್ಲಿ ಸರ್ಕಾರದ ವಶಕ್ಕೆ ಬಂದುವು, ೨೦೦೧ರಲ್ಲಿ ಮುಚ್ಚಿದುವು. ಹಿಂದೆ ಉಳಿದುವು ಸುಮಾರು ಮೂರು ಕೋಟಿ ಮೂವತ್ತು ಲಕ್ಷ ಟನ್ನು ಅರೆದ ಕಲ್ಲಿನ ದಿಬ್ಬಗಳು. ಸಯನೈಡಿನಿಂದ ಚಿನ್ನವನ್ನು ಹೀರಿಕೊಂಡ ಮೇಲೆ ಬಿಸುಟ ಆ ಬೂದುಬಣ್ಣದ ಪುಡಿಯು ಬೇಸಗೆಯ ಗಾಳಿಯಲ್ಲಿ ಹಾರಿಬಂದು ಎಲೆಗಳ ಮೇಲೆ ಕೂಡುವುದುಂಟು. ಊರಿನ ಯುವಕರು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವರು. ಅವರ ತಾತಂದಿರಂತೆ ಅವರೂ ತಮ್ಮ ಮನೆಯ ಗಿಡವನ್ನು ಬೆಳಕಿನಲ್ಲಿ ಕಾಣುವುದು ಭಾನುವಾರದಂದು ಮಾತ್ರ.

(೬)

ಹಿತ್ತಲೆಂದರೆ ಗಿಡಗಳು ಮಾತ್ರವಲ್ಲ. ಅಲ್ಲಿಯ ಪ್ರಾಣಿಗಳೂ ಆ ಸಂಸಾರದವೇ. ಚೈತ್ರದಲ್ಲಿ ಮೊದಲು ಕೇಳಿಸುವುದು ಕೋಗಿಲೆ. ಕೂಗುವುದು ಕರಿಯ ಗಂಡು. ಚುಕ್ಕೆಯ ಮೈಯ ಹೆಣ್ಣಿನದು ಬೇರೆ ಸ್ವರ. ಇದನ್ನು ಬಲ್ಲ ಸಂಸ್ಕೃತ ಕವಿಗಳು ಪುಂಸ್ಕೋಕಿಲವೆಂದು ವಿಶೇಷಿಸಿ ಹೇಳಿದರು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ ಅದಕ್ಕೆ ಪರಭೃತವೆಂದೂ ಹೆಸರು. ಕಾಳಿದಾಸನ ದುಷ್ಯಂತನು ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಹಂಗಿಸುವುದಕ್ಕೆ ಈ ಸಂಗತಿಯನ್ನೇ ಎತ್ತಿಕೊಂಡನು. ಕಾಗೆಯು ಗೂಡು ಕಟ್ಟುವ ಕಾಲವೂ ಬೇಸಗೆಯೇ ಆದುದರಿಂದ ಕೋಗಿಲೆಯ ವಸಂತಗಾನಕ್ಕೆ ಸಂಸಾರದ ಒಂದು ಗುಟ್ಟಿನ ಉದ್ದೇಶವೂ ಇದೆ. ಇದೇ ಹಕ್ಕಿ ಕರಿಬೇವಿನ ಕಪ್ಪು ಹಣ್ಣನ್ನೂ ಶ್ರೀಗಂಧದ ಹಣ್ಣನ್ನೂ ನುಂಗಿ ಬೀಜವನ್ನು ಅಲ್ಲಲ್ಲಿ ಬಿಟ್ಟುಹೋಗುವುದು. ಬೇಲಿಯ ಮೂಲೆಯಲ್ಲಿ ಯಾರೂ ನೆಡದೆ ಹುಟ್ಟಿದ ಕರಿಬೇವಿನ ಸಸಿಯು ಅದು ಕೊಟ್ಟ ಬಾಡಿಗೆ.

ದಾಸವಾಳದ ಬಳಿ ಸೂರಕ್ಕಿಯು ಸುಳಿದಾಡುವುದು. ಹೆಣ್ಣುಹಕ್ಕಿಯು ಜೇಡರ ಬಲೆಯ ಎಳೆಗಳಿಂದ ಕಸಕಡ್ಡಿಗಳನ್ನು ಹೆಣೆದು ತೂಗುವ ಚೀಲದಂಥ ಗೂಡನ್ನು ಕಟ್ಟುವುದು. ಹಿತ್ತಲನ್ನು ಅತಿಯಾಗಿ ಶುಚಿಮಾಡಿ ಜೇಡರ ಬಲೆಯನ್ನೆಲ್ಲಾ ಹೊಡೆದುಹಾಕುವವರ ಮನೆಯಲ್ಲಿ ಅದಕ್ಕೆ ಸಾಮಗ್ರಿ ಸಿಕ್ಕದು. ಸಿಂಪಿಗ ಹಕ್ಕಿಯು ಅಗಲವಾದ ಎಲೆಗಳ ಅಂಚುಗಳನ್ನು ಕೊಕ್ಕಿನಿಂದ ಚುಚ್ಚಿ ಹತ್ತಿಯ ನೂಲಿನಿಂದ ಹೊಲಿಯುವುದು. ಅವರೆಯ ಚಿಗುರಿಗೆ ಹೇನು ಹತ್ತಿದರೆ ಕೂಡಲೇ ಔಷಧವನ್ನು ಸಿಂಪಡಿಸದೆ ನಾಲ್ಕು ದಿನ ಕಾದು ನೋಡಬೇಕು. ಗುಲಗಂಜಿ ಹುಳುವೂ ಅದರ ಮರಿಯೂ ಬಂದು ಹೇನನ್ನು ತಿನ್ನುವುವು. ಔಷಧವು ಶತ್ರುವಿಗಿಂತ ಮೊದಲು ಮಿತ್ರನನ್ನು ಕೊಲ್ಲುವುದು. ಓತಿಕ್ಯಾತದ ಗಂಡು ಈ ಋತುವಿನಲ್ಲಿ ತಲೆ ಕತ್ತುಗಳನ್ನು ಕೆಂಪಗೆ ಮಾಡಿಕೊಂಡು ಬೇಲಿಯ ಗೂಟದ ಮೇಲೆ ತಲೆಯಾಡಿಸುತ್ತದೆ. ಅದು ದೂರದಿಂದಲೇ ರಕ್ತವನ್ನು ಹೀರುವುದೆಂದು ಹುಡುಗರು ಕಲ್ಲೆಸೆಯುವರು. ಅದರ ಕೆಂಪು ಸಂಗಾತಿಯನ್ನು ಒಲಿಸಿಕೊಳ್ಳುವುದಕ್ಕಾಗಿ. ಅದರ ಆಹಾರ ನಮ್ಮ ಬದನೆಯನ್ನು ತಿನ್ನುವ ಹುಳುಗಳು. ಇಲಿಯನ್ನು ಹಿಡಿಯುವ ಕೇರೆಹಾವೂ, ಸಂಜೆಯ ಹೊತ್ತು ಬಚ್ಚಲ ಮೋರಿಯಿಂದ ಹೊರಡುವ ಕಪ್ಪೆಯೂ ಇದೇ ಪರಿವಾರದವು. ಇವೆಲ್ಲಕ್ಕೂ ಬೇಕಾದುದು ಒಂದಿಷ್ಟು ತೇವ, ಒಂದಿಷ್ಟು ನೆರಳು, ಸಿಮೆಂಟು ಬಳಿಯದ ಒಂದಿಷ್ಟು ನೆಲ.

(೭)

ಕಳೆದ ಐವತ್ತು ವರ್ಷಗಳಲ್ಲಿ ಈ ಸೀಮೆಗೆ ನೀರು ಬರುವ ದಾರಿ ಮತ್ತೊಮ್ಮೆ ಬದಲಾಯಿತು. ನೇರಳೆಯ ಮರದ ಪೂರ್ವಕ್ಕೆ ಸಮೀಪದಲ್ಲಿ ಹುತ್ತವಿದ್ದರೆ ಮರದ ದಕ್ಷಿಣದಲ್ಲಿ ಎರಡಾಳು ಆಳಕ್ಕೆ ಸಿಹಿನೀರು ಸಿಕ್ಕುವುದೆಂದು ವರಾಹಮಿಹಿರನು ಬರೆದಿದ್ದನು. ಈಗ ಕೋಲಾರದ ಸೀಮೆಯಲ್ಲಿ ೧,೦೦೦ ಅಡಿಗಳನ್ನು ಮೀರಿ ಕೊರೆದರೂ ನೀರು ಸಿಕ್ಕದ ಕೊಳವೆಬಾವಿಗಳು ಬೇಕಾದಷ್ಟಿವೆ. ಸಿಕ್ಕ ನೀರಿನಲ್ಲಿಯೂ ಅನೇಕ ಕಡೆ ಫ್ಲೋರೈಡಿನ ಅಂಶವು ಮಿತಿಯನ್ನು ಮೀರಿ ಹಲ್ಲು ಮೂಳೆಗಳಿಗೆ ಕೇಡನ್ನು ತರುತ್ತದೆ. ೧೯೮೦ರ ದಶಕದಲ್ಲಿ ರಾಗಿಯ ಹೊಲಗಳು ನೀಲಗಿರಿಯ ತೋಪುಗಳಾದುವು. ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ಸರ್ಕಾರವು ನಿಷೇಧಿಸಿದುದು ೨೦೧೭ರಲ್ಲಿ. ಕೊಳವೆಬಾವಿಯ ನೀರಿನಿಂದಲೇ ಬೆಳೆದ ಟೊಮಾಟೊ ಕೋಲಾರದ ಮಾರುಕಟ್ಟೆಯನ್ನು ಏಷ್ಯದಲ್ಲಿಯೇ ದೊಡ್ಡವುಗಳಲ್ಲಿ ಒಂದನ್ನಾಗಿ ಮಾಡಿತು. ರೈತನ ಈ ಸಾಹಸವನ್ನು ಹಳಿಯುವುದು ನ್ಯಾಯವಲ್ಲ. ಆದರೆ ಪ್ರತಿಯೊಂದು ಬಂಡಿ ಟೊಮಾಟೊವಿನೊಡನೆ ನಮ್ಮ ಪಾತಾಳದ ನೀರೂ ಪರಊರಿಗೆ ಹೋಗುತ್ತದೆ. ಒಮ್ಮೆ ಚಿನ್ನವನ್ನು ಹೀಗೆಯೇ ಕಳುಹಿಸಿದೆವು. ತೆಗೆದುದನ್ನು ಮರಳಿ ತುಂಬದ ಗಣಿಯ ಗತಿಯೇನಾಯಿತೆಂಬುದನ್ನು ಕಣ್ಣಾರೆ ಕಂಡವರು ನಾವು. ೨೦೧೮ರಿಂದ ಬೆಂಗಳೂರಿನ ಕೊಳಚೆನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ತುಂಬುತ್ತಿದ್ದಾರೆ. ಅದರಿಂದ ಬಾವಿಗಳ ಒರತೆಯು ಮೇಲೆದ್ದ ಕಡೆಗಳೂ ಇವೆ. ಶುದ್ಧಿಯು ಸಾಲದೆಂಬ ವಾದವೂ ಇದೆ. ಸಾಗರಗಳನ್ನು ಕಟ್ಟಿದ ಸೀಮೆಯು ನೆರೆಯ ಪಟ್ಟಣದ ಬಚ್ಚಲ ನೀರಿಗೆ ಕೈಯೊಡ್ಡುವಂತಾದುದನ್ನು ಮಾತ್ರ ಯಾವ ವಾದವೂ ಮರೆಸಲಾರದು.

ಗೃಹಸ್ಥರು ಮಾಡಬಹುದಾದುದೇನು? ಕೆರೆಯನ್ನು ಒಬ್ಬರಿಂದ ಉಳಿಸುವುದಕ್ಕಾಗದು, ಹಿತ್ತಲನ್ನು ಉಳಿಸಬಹುದು. ಇಲ್ಲಿ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರು ಮಳೆ ಬೀಳುವುದು. ೩೦ ಅಡಿ ಅಗಲ, ೪೦ ಅಡಿ ಉದ್ದದ ಚಾವಣಿಯ ಮೇಲೆ ಬೀಳುವ ನೀರು ಲೆಕ್ಕಕ್ಕೆ ೭೮,೦೦೦ ಲೀಟರು. ಅದರಲ್ಲಿ ಕೆಲವು ಭಾಗ ಆವಿಯಾಗಿಯೂ ಹರಿದೂ ಹೋದರೂ ೬೦,೦೦೦ ಲೀಟರು ಕೈಗೆ ಬರಬಹುದು. ವರ್ಷದ ಒಂದೊಂದು ದಿನಕ್ಕೂ ಹತ್ತು ಕೊಡಗಳಿಗೆ ಕಡಮೆಯಿಲ್ಲ. ಮಾಳಿಗೆಯ ನೀರನ್ನು ಬೀದಿಯ ಮೋರಿಗೆ ಬಿಡದೆ ತೊಟ್ಟಿಗೋ, ಹಳೆಯ ಬಾವಿಗೋ, ಜಲ್ಲಿ ತುಂಬಿದ ಇಂಗುಗುಂಡಿಗೋ ತಿರುಗಿಸಿದರೆ ಚೈತ್ರದ ಪರೀಕ್ಷೆಯಲ್ಲಿ ಅರ್ಧ ತೇರ್ಗಡೆಯಾದಂತೆಯೇ. ಬಚ್ಚಲ ನೀರಿಗೆ ಬಾಳೆಯ ಬುಡವನ್ನು ತೋರಿಸಬೇಕು. ಸಂಜೆಗೆ ನೀರೆರೆಯಬೇಕು, ಉದುರಿದ ಎಲೆಗಳನ್ನು ಸುಡದೆ ಬುಡಕ್ಕೆ ಹೊದಿಸಬೇಕು. ಬೀಜವನ್ನು ಅಂಗಡಿಯಿಂದಲೇ ತರದೆ ಮನೆಯಲ್ಲಿಯೂ ಒಂದು ಹಿಡಿ ಎತ್ತಿಡಬೇಕು. ಮನೆ ಕಟ್ಟಿಸುವಾಗ ನಿವೇಶನದ ಅಂಚಿನವರೆಗೂ ಸಿಮೆಂಟನ್ನು ಬಳಿಯದೆ ಹತ್ತಡಿ ನೆಲವನ್ನಾದರೂ ಭೂತಾಯಿಯ ಉಸಿರಿಗೆ ಬಿಡಬೇಕು. ಹಿತ್ತಲಿಲ್ಲದ ಲೈನಿನವರಿಗೆ ಊರಿನಲ್ಲಿ ಬಿದ್ದಿರುವ ನೆಲದಲ್ಲಿ ತುಂಡುತೋಟಗಳನ್ನು ಕೊಡುವ ವಿಚಾರವನ್ನು ಪುರಸಭೆಗಳು ಮಾಡಬಾರದೇಕೆ? ಮಣ್ಣನ್ನು ಮೊದಲು ಪರೀಕ್ಷಿಸಿ ದಿಬ್ಬಗಳಿಂದ ದೂರವಾದ ಸ್ಥಳಗಳನ್ನು ಆರಿಸಿಕೊಂಡರೆ ಇದು ಅಸಾಧ್ಯವಾದುದಲ್ಲ.

ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮಲ್ಲಿ ಗಾದೆಯುಂಟು. ಸಮೀಪದಲ್ಲಿರುವುದರ ಬೆಲೆಯನ್ನು ಜನರು ಅರಿಯರೆಂಬುದು ಅದರ ತಾತ್ಪರ್ಯ. ಮೂರು ಕಿಲೋಮೀಟರಿನ ಆಳದಿಂದ ತೆಗೆದ ಚಿನ್ನಕ್ಕೆ ಈ ಸೀಮೆಯವರು ಬೆಲೆಯನ್ನು ಕಟ್ಟಿದ್ದಾಯಿತು; ಅದು ಬಂದ ಹಾಗೆಯೇ ಹೋಯಿತು. ಇನ್ನು ಉಳಿದಿರುವುದು ಆ ಒಂದು ಮೊಳ ಮಣ್ಣೂ ಅದರ ಮೇಲೆ ಬೀಳುವ ಮಳೆಯೂ. ಮುಂದಿನ ಯುಗಾದಿಗೆ ಬೇವಿನ ಹೂವನ್ನು ಮಾರುಕಟ್ಟೆಯಲ್ಲಿ ಕೊಳ್ಳದೆ ತಮ್ಮ ಬೇಲಿಯ ಮರದಿಂದಲೇ ಕುಯ್ದು ತರುವ ಮನೆಗಳು ನಮ್ಮ ಬಂಗಾರಪೇಟೆಯಲ್ಲಿ ಎಷ್ಟು ಉಳಿದಿರುವುವೆಂಬುದನ್ನು ವಾಚಕರು ತಮ್ಮ ತಮ್ಮ ಬೀದಿಗಳಲ್ಲಿ ಎಣಿಸಿ ನೋಡಬೇಕೆಂದು ಬೇಡಿಕೊಳ್ಳುತ್ತೇನೆ.